ಕ್ಲಬ್ಬಿನ ಬೇಲಿಯಲ್ಲಿ ಬೆಟ್ಟಮ್ಮನ ಬಾಗಿಲು

ಹಾಸನದ ಹೊರಗಿನ ಕ್ಲಬ್ ಬಡಾವಣೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಂಗಲೆಗಳ ಬಾಗಿಲು ತೆರೆದಿಲ್ಲ. ಟೆನಿಸ್ ಅಂಗಳದಲ್ಲಿ ಮಾತ್ರ ಕಲ್ಲು ಉರುಳುವ ಸದ್ದು. ರಾಗಿ ಒಕ್ಕುವ ರೋಣಗಲ್ಲಿನಂಥದೇ ಕಲ್ಲು. ಸೆರಗನ್ನು ಸೊಂಟಕ್ಕೆ ಬಿಗಿದ ಬೆಟ್ಟಮ್ಮ ಅದರ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎಳೆಯುತ್ತಾರೆ. ಬಿಸಿಲೇರುವ ಮುಂಚೆ ನೆಲ ಗಟ್ಟಿಯಾಗಬೇಕು, ಸುಣ್ಣದ ಗೆರೆ ಒಣಗಬೇಕು.

ಹತ್ತು ಹನ್ನೆರಡು ವರ್ಷದ ಹಿಂದೆ ಇದು ಪಕ್ಕದ ಕೊಪ್ಪಲಿನವರ ದನ ಮೇಯುತ್ತಿದ್ದ ಗೋಮಾಳ. ಊರೊಳಗಿನ ಇಕ್ಕಟ್ಟು, ಪ್ಲೇಗಿನ ಭಯ ಸಾಕಾಗಿ ವಕೀಲರು, ಕಾಫಿ ತೋಟದ ಯಜಮಾನರು ಇತ್ತ ಬಂದರು. ಮೊದಲು ಕ್ಲಬ್ ಎದ್ದಿತು, ಆಮೇಲೆ ಅದರ ಸುತ್ತ ಬಂಗಲೆಗಳು. ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದ ಬೆಟ್ಟಮ್ಮ ಕಟ್ಟಡಕ್ಕೆ ಮಣ್ಣು ಹೊರಲು ಬಂದವರು, ಅಂಗಳ ನೋಡಿಕೊಳ್ಳಲು ಉಳಿದರು.

“ನಮ್ಮ ಎಮ್ಮೆ ಮಲಗ್ತಿದ್ದ ಜಾಗ ಕಣ್ ಸಾ ಇದು. ಮೊದಲ್ನೇ ದಿನ ಗೆರೆ ಎಳೆಯಾಕೆ ಕೈಯೇ ಬರ್ನಿಲ್ಲ,” ಎಂದು ಮಾತಾಡಿಸಲು ಬಂದ ನನಗೆ ಹೇಳುತ್ತಾರೆ.

ಕೊಪ್ಪಲಿನ ಹೆಂಗಸರು ಕೆರೆಗೆ ಹೋಗುವ ಕಾಲುದಾರಿ ಈ ಬಯಲಿನಲ್ಲೇ ಹಾದುಹೋಗುತ್ತಿತ್ತು. ಐದು ವರ್ಷದ ಹಿಂದೆ ಕ್ಲಬ್ಬಿನವರು ಸುತ್ತಲೂ ಮುಳ್ಳುತಂತಿ ಬಿಗಿಸಿದರು. ಕೊಡ ಹೊತ್ತವರು ಕಲ್ಲುಕ್ವಾರಿಯ ಅಂಚಿನಲ್ಲಿ ಬಳಸಿಕೊಂಡು ಹೋಗಬೇಕಾಯಿತು. ಆ ಮಳೆಗಾಲದಲ್ಲಿ ಬೆಟ್ಟಮ್ಮನ ತಮ್ಮನ ಹೆಂಡತಿ ಸಣ್ಣಕ್ಕ, ತುಂಬಿದ ಬಸುರಿ, ಅಲ್ಲಿ ಜಾರಿಬಿದ್ದಳು. ಅವಳು ಉಳಿದಳು, ಮಗು ಉಳಿಯಲಿಲ್ಲ.

ಮಾರನೆಯ ದಿನದಿಂದ ಬೆಟ್ಟಮ್ಮ ಕಲ್ಲು ಮುಟ್ಟಲಿಲ್ಲ. ಕ್ಲಬ್ಬಿನ ವಾರ್ಷಿಕ ಪಂದ್ಯ ಹತ್ತಿರವಿತ್ತು. ಮೈಸೂರಿನಿಂದ ಮಹಾರಾಜರ ಸರ್ಕಾರದ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಕ್ಲಬ್ಬಿನವರು ಬೇರೆ ಆಳು ಹುಡುಕಿದರೆ ಕೊಪ್ಪಲಿನಿಂದ ಒಬ್ಬರೂ ಹೊರಡಲಿಲ್ಲ. ಅಂಗಳದಲ್ಲಿ ಗರಿಕೆ ಎದ್ದಿತು. ಇತ್ತ ಕೂಲಿಯಿಲ್ಲದೆ ಬೆಟ್ಟಮ್ಮನ ಮನೆಯಲ್ಲಿ ಹಿಟ್ಟು ತಳ ಕಂಡಿತ್ತು. ಸುಮ್ಮನೆ ಕೆಲಸಕ್ಕೆ ಹೋಗು ಎಂದು ತಮ್ಮನೇ ಅಂಗಲಾಚಿದ. ಅವರು ಕದಲಲಿಲ್ಲ.

ಕೊನೆಗೆ ಕ್ಲಬ್ಬಿನ ಕಾರ್ಯದರ್ಶಿ, ವಕೀಲ ಷಡಕ್ಷರಿ, ಕೊಪ್ಪಲಿಗೇ ಬಂದರು. ಕೂಲಿ ಹೆಚ್ಚಿಸುವುದಾಗಿ ಹೇಳಿದರು. ಬೆಟ್ಟಮ್ಮ ಕೂಲಿಯ ಮಾತೇ ಎತ್ತಲಿಲ್ಲ.

“ನೀವು ಆಡ್ಕಳಿ ಸ್ವಾಮಿ, ಬ್ಯಾಡ ಅಂದೋರ್ಯಾರು? ನೀರಿಗೋಗೋ ದಾರಿ ಬುಡಿ. ಒಳಗೆ ಸಣ್ಣಕ್ಕ ಮಲಗವ್ಳೆ, ಒಂದ್ಸಲ ಅವಳ ಮಕ ನೋಡ್ಕಂಡು ಓಗಿ.”

ಷಡಕ್ಷರಿ ಬಾಗಿಲಲ್ಲೇ ನಿಂತು ನೋಡಿದರು. ನೇರ ಕ್ಲಬ್ಬಿಗೆ ಹಿಂದಿರುಗಿದರು. ಅಂದು ಸಂಜೆ ಕ್ಲಬ್ಬಿನಲ್ಲಿ ಜೋರು ಮಾತು ನಡೆಯಿತಂತೆ. ಹೆಣ್ಣಾಳಿನ ಹಟಕ್ಕೆ ಮಣಿಯುವುದೇ ಎಂದು ಕೆಲವರು ಸಿಟ್ಟಾದರಂತೆ. ದಾರಿ ಬಿಡದಿದ್ದರೆ ಪಂದ್ಯವನ್ನು ಬೇರೆಯವರೇ ನಡೆಸಿಕೊಳ್ಳಲಿ ಎಂದು ಷಡಕ್ಷರಿ ಎದ್ದು ನಿಂತರಂತೆ. ಎರಡು ದಿನ ಕಳೆದು ಬಡಗಿ ಬಂದು ತಂತಿ ಕತ್ತರಿಸಿ, ಮರದ ಬಾಗಿಲೊಂದನ್ನು ಕೂರಿಸಿದ. ಕೊಪ್ಪಲಿನವರು ಅದನ್ನು ಕರೆಯುವುದು ಬೆಟ್ಟಮ್ಮನ ಬಾಗಿಲು ಎಂದೇ.

ಮೊದಲು ದಾಟಿದವರು ನೀವೇನಾ ಎಂದು ಕೇಳುತ್ತೇನೆ. ಅಲ್ಲವಂತೆ. ಚೇತರಿಸಿಕೊಂಡ ಸಣ್ಣಕ್ಕನ ಕೈಹಿಡಿದು ಮುಂದೆ ಬಿಟ್ಟು, ತಾವು ಕಲ್ಲಿನ ಹಗ್ಗ ಹುಡುಕಲು ಹೋದರಂತೆ.

“ಗೆದ್ದೆ ಅನ್ನಾಕೆ ಏನೈತೆ ಸಾ? ಕೂಸು ಬರಾಕಿಲ್ವಲ್ಲ,” ಎನ್ನುತ್ತಾ ಕಲ್ಲಿನ ಹಗ್ಗ ಸುತ್ತಿಡುತ್ತಾರೆ.

ಬಿಸಿಲು ಅಂಗಳಕ್ಕೆ ಇಳಿಯುತ್ತಿದೆ. ಬಿಳಿ ಷರಾಯಿ ತೊಟ್ಟ ಇಬ್ಬರು ರ‍್ಯಾಕೆಟ್ ಹಿಡಿದು ಬರುತ್ತಿದ್ದಾರೆ. ಬೆಟ್ಟಮ್ಮ ಸುಣ್ಣದ ಬೋಗುಣಿ ಎತ್ತಿಕೊಂಡು ಬದಿಗೆ ಸರಿಯುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದರೆ ಕೆರೆಯ ದಾರಿಯತ್ತ ಕೈ ತೋರುತ್ತಾರೆ.

“ಅಲ್ಲೊಂದು ಹೊಂಗೆ ಗಿಡ ನೆಡಬೇಕು. ಕೊಡ ಇಳಿಸಿ ನಿಂತ್ಕಳಾಕೆ ನೆಳ್ಳಾಯ್ತದೆ. ಆಡಿ ಸುಸ್ತಾದೋರೂ ಬಂದು ನಿಂತ್ಕಳ್ಳಿ. ನಾವೇನು ಬೇಲಿ ಆಕಾಕಿಲ್ಲ.”