ಮಲ್ಕಾ ಬೇರ್ಪಡಿಸಿದ ಎರಡು ಕಳೆ

ಬೆಳಗಿನ ಆರೂವರೆ. ಹೆಬ್ಬಾಳದ ಖಾಸಗಿ ಬೀಜ ಪರೀಕ್ಷಾಲಯವೊಂದರ ಕಿಟಕಿ ಪಕ್ಕ ಮಲ್ಕಾ ಆಗಲೇ ಕೂತಿದ್ದಾರೆ. ಬಿಳಿ ತಟ್ಟೆಯಲ್ಲಿ ಲೆಟ್ಯೂಸ್ ಬೀಜ, ಕೈಯಲ್ಲಿ ಚಿಮಟ, ಕಣ್ಣ ಮುಂದೆ ಭೂತಗನ್ನಡಿ. ಒಳ್ಳೆಯ ಬೀಜದ ನಡುವೆ ಅಡಗಿರುವ ಕಳೆಬೀಜ ಹೆಕ್ಕುವುದು ಅವರ ಕೆಲಸ. "ಬಿಸಿಲೇರಿದ್ರೆ ತಟ್ಟೆ ಹೊಳೆಯುತ್ತೆ, ಬಣ್ಣ ಮೋಸ ಮಾಡುತ್ತೆ. ಅದಕ್ಕೇ ಬೇಗ ಬರ್ತೀನಿ" ಎನ್ನುತ್ತಾರೆ, ತಲೆಯೆತ್ತದೆ.

ಕೋಗಿಲು ಬಡಾವಣೆಯ ಮಲ್ಕಾಗೆ ಈಗ ನಲವತ್ತೇಳು. ಓದಿದ್ದು ಏಳನೇ ಕ್ಲಾಸು. ಆರ್.ಟಿ. ನಗರದಲ್ಲಿ ಸೀರೆಗೆ ಮಣಿ ಹೊಲಿಯುತ್ತಿದ್ದರು. ಆ ಕೆಲಸ ಮೆಷಿನ್ ಪಾಲಾದ ಮೇಲೆ ಇಲ್ಲಿಗೆ ಕಸ ಗುಡಿಸಲು ಬಂದರು. ಮಣಿ ಆರಿಸಿ ಪಳಗಿದ ಆ ಕಣ್ಣನ್ನು ಬೀಜದ ಮೇಜಿಗೆ ಕರೆಯಲು ಯಾರಿಗೂ ಹೆಚ್ಚು ದಿನ ಬೇಕಾಗಲಿಲ್ಲ. ದಿನಕ್ಕೆ ಆರು ತಟ್ಟೆ, ತಟ್ಟೆಗೆ ಎರಡೂವರೆ ಸಾವಿರ ಬೀಜ. ಕತ್ತುನೋವು ಮಾತ್ರ ಬಿಟ್ಟಿಲ್ಲ.

ಕಳೆದ ನವೆಂಬರಿನಲ್ಲಿ ಹೊರದೇಶದಿಂದ ಇಪ್ಪತ್ತು ಚೀಲ ಲೆಟ್ಯೂಸ್ ಬೀಜ ಬಂತು. ಎಲ್ಲವೂ ಒಂದೇ ಹೊಲದ್ದು ಎನ್ನುತ್ತಿತ್ತು ಕಾಗದ. ಹಾಗಾಗಿ ಮೊಳಕೆ ಪರೀಕ್ಷೆಗೆ ಇಟ್ಟದ್ದು ಮೊದಲ ಚೀಲದ ಬೀಜವನ್ನಷ್ಟೇ, ಅದು ಚೆನ್ನಾಗಿಯೇ ಮೊಳೆತಿತ್ತು. ಅನುಮಾನ ಬಂದದ್ದು ಮಲ್ಕಾಗೆ, ಅದೂ ಕಳೆಬೀಜದಿಂದ. ಚಿಕ್‌ವೀಡ್ ಎಂಬ, ಚಳಿನಾಡಿನಲ್ಲಿ ನೆಲಕ್ಕಂಟಿ ಹಬ್ಬುವ ಕಳೆಯ ಬೀಜ ಎಲ್ಲ ಚೀಲಗಳಲ್ಲೂ ಇತ್ತು. ಹತ್ತು ಚೀಲಗಳಲ್ಲಿ ಅದು ಕೆಂಗಂದು, ತುಸು ದಪ್ಪ. ಉಳಿದ ಹತ್ತರಲ್ಲಿ ಸಣ್ಣದು, ಮಾಸಲು ಹಳದಿ.

"ಸಾರ್, ಇವೆರಡೂ ಬೇರೆ ಬೇರೆ ಗಿಡ. ಹೊಲಾನೂ ಬೇರೆ ಇರ್ಬೇಕು."

ಪರೀಕ್ಷಾಲಯದ ಮುಖ್ಯಸ್ಥ ಯಶವಂತ್ ಒಪ್ಪಲಿಲ್ಲ. "ಹಳದೀದು ಬಲೀದೇ ಇರೋ ಬೀಜ ಇರ್ಬೇಕು ಬಿಡೀಮ್ಮ."

"ಬಲೀದಿದ್ರೆ ಮೊಳೆಯಲ್ಲ ಅಲ್ವಾ ಸಾರ್? ಬಿತ್ತಿ ನೋಡ್ತೀನಿ, ಟೈಮ್ ಕೊಡಿ."

ರೈತರ ಬಿತ್ತನೆಗೆ ಇನ್ನೂ ಎರಡು ತಿಂಗಳಿತ್ತು. ಯಶವಂತ್ ಚೀಲಗಳನ್ನು ತಡೆಹಿಡಿದರು. ಪರೀಕ್ಷಾಲಯದ ಗಾಜಿನ ಮನೆಯಲ್ಲಿ ಎರಡು ಬಗೆಯ ಕಳೆಬೀಜವನ್ನು ಎರಡು ಕುಂಡಗಳಲ್ಲಿ ಬಿತ್ತಿದ ಮಲ್ಕಾ ಭಾನುವಾರವೂ ಬಂದು ನೀರುಣಿಸಿದರು. "ತಪ್ಪಾದ್ರೆ ಇಪ್ಪತ್ ಚೀಲ ಸುಮ್ನೆ ನಿಲ್ಸಿದ್ಳು ಅಂತಾರೇನೋ ಅಂತ ಹೆದ್ರಿಕೆ ಇತ್ತು. ಆದ್ರೆ ನನ್ ಕಣ್ಣು ಕಂಡಿದ್ದನ್ನ ಇಲ್ಲ ಅನ್ನೋಕಾಗುತ್ತಾ?"

ನಲವತ್ತೆರಡನೇ ದಿನ ಹೂ ಬಿಟ್ಟಿತು. ಕೆಂಗಂದು ಬೀಜದ ಕುಂಡದ ಹೂವಿಗೆ ಐದು ಬಿಳಿ ಎಸಳು. ಪ್ರತಿ ಎಸಳೂ ನಡುವೆ ಸೀಳಿದ್ದರಿಂದ ಹತ್ತರಂತೆ ಕಾಣುತ್ತಿತ್ತು. ಇನ್ನೊಂದರ ಹೂವಿಗೆ ಎಸಳೇ ಇಲ್ಲ. ಯಶವಂತ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು, ಪುಸ್ತಕ ತಿರುವಿದರು. ಅವು ಒಂದೇ ಕುಲದ ಎರಡು ಜಾತಿಗಳು.

"ನೀವ್ ಹೇಳಿದ್ದೇ ಸರಿ ಕಣಮ್ಮಾ."

ಹಳದಿ ಕಳೆಬೀಜವಿದ್ದ ಹತ್ತು ಚೀಲಗಳನ್ನು ಬೇರೆಯಾಗಿ ಪರೀಕ್ಷಿಸಿದಾಗ ನೂರು ಲೆಟ್ಯೂಸ್ ಬೀಜಕ್ಕೆ ಮೊಳೆತದ್ದು ಮೂವತ್ತೆಂಟು. ಅವು ರೈತರ ಹೊಲ ಸೇರದೆ ವಾಪಸಾದವು.

ವರದಿಗೆ ಸಹಿ ಯಶವಂತ್ ಅವರದೇ. ಮಲ್ಕಾಗೆ ಅದರ ಬೇಸರವಿಲ್ಲ. ಮಾದರಿ ಬೀಜಗಳ ಕಪಾಟು ತೆರೆದು ಆ ಹಳದಿ ಕಳೆಬೀಜವಿರುವ ಪುಟ್ಟ ಗಾಜಿನ ಶೀಶೆಯೊಂದನ್ನು ತೋರಿಸುತ್ತಾರೆ.

"ಮೊದ್ಲು ಚಿಕ್‌ವೀಡ್‌ಗೆ ಇಲ್ಲಿ ಒಂದೇ ಶೀಶೆ ಇತ್ತು. ಇದು ಎರಡನೇದು, ಚೀಟಿ ಬರ್ದಿರೋದು ನಾನೇ. ಇನ್ಮೇಲೆ ಯಾರಿಗೆ ಡೌಟ್ ಬಂದ್ರೂ ಇದನ್ನ ತೆಗ್ದೇ ನೋಡ್ಬೇಕು ಕಣ್ರೀ."