ಗ್ರೂಪ್ ಫೋಟೋದಲ್ಲಿ ಒಂದು ಮಗು ಹೆಚ್ಚಿಗೆ

ಬ್ಯಾಂಕಿನ ಗುಮಾಸ್ತರು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ, ಕಣ್ಣು ಇಲ್ಲಿ ಎಂದು ಸ್ಟುಡಿಯೋದಾಕೆ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದರು. ಪಾಸ್‌ಪೋರ್ಟಿನ ಫೋಟೋ. ನಗಬಾರದು, ಕನ್ನಡಕ ಇರಬಾರದು, ಹಿಂದೆ ಬಿಳಿ ಪರದೆ ಬಿಟ್ಟು ಬೇರೇನೂ ಕಾಣಬಾರದು. ಆಕೆ ಇನ್ನೇನು ಗುಂಡಿ ಒತ್ತಬೇಕು, ಗುಮಾಸ್ತರ ಎಡಭುಜದ ಮೇಲೆ ಒಂದು ಪುಟ್ಟ ಕೈ ಮೂಡಿತು. ಅದರ ಹಿಂದೆಯೇ ಎರಡು ಗಿಡ್ಡ ಜಡೆ, ಆಮೇಲೆ ಬಾಯಿ ತುಂಬ ನಗು.

“ಈಚೆ ಬಾಮ್ಮ. ಇದು ಒಬ್ಬರೇ ಇರೋ ಫೋಟೋ” ಎಂದಳು ಆಕೆ.

“ಮಾಮ ಒಬ್ರೇ ಇದಾರೆ, ಅದಕ್ಕೇ ಬಂದೆ” ಎಂದಳು ಹುಡುಗಿ.

ಗುಮಾಸ್ತರಿಗೆ ನಗು ಬಂತು. ಬಂದ ನಗು ಹೋಗಲಿಲ್ಲ. ಮುಖ ಗಂಭೀರ ಮಾಡಿಕೊಂಡಾಗಲೆಲ್ಲ ತುಟಿಯ ಒಂದು ಕೊನೆ ಮಾತು ಕೇಳುತ್ತಿರಲಿಲ್ಲ. ಕೊನೆಗೆ ಅವರು ಹೊರಗೆ ಹೋಗಿ, ಒಂದು ಲೋಟ ನೀರು ಕುಡಿದು, ಮೇಲಧಿಕಾರಿಯನ್ನು ನೆನೆಸಿಕೊಂಡು ಬಂದು ಕೂತ ಮೇಲೆ ಫೋಟೋ ಆಯಿತು.

ಹುಡುಗಿ ಸ್ಟುಡಿಯೋದಾಕೆಯ ಮಗಳು. ಐದು ತುಂಬಿದೆ. ಎರಡು ವರ್ಷದ ಕೆಳಗೆ ಅನಾಥಾಶ್ರಮದಿಂದ ದತ್ತು ತಂದ ಮಗು. ಶಾಲೆಯ ಹಾಜರಿಯಲ್ಲಿ ಅವಳಿಗೊಂದು ಚೆಂದದ ಹೆಸರಿದೆ, ಆದರೆ ಮನೆಯಲ್ಲಿ ಅಜ್ಜಿ ಇಟ್ಟದ್ದೇ ನಿಂತಿದೆ: ಗೋಂದು. ಕಂಡವರಿಗೆಲ್ಲ ಅಂಟಿಕೊಳ್ಳುವುದಕ್ಕೆ.

ಕಟ್ಟಡ ರಸ್ತೆಯ ಮೂಲೆಯಲ್ಲಿದೆ. ಕೆಳಗೆ ಸ್ಟುಡಿಯೋ, ಮೇಲೆ ಮನೆ. ಒಳಗೆ ಹೋದರೆ ಮೊದಲು ಕೌಂಟರು ಮತ್ತು ಕಾಯುವವರ ಬೆಂಚು, ಆಮೇಲೆ ಛತ್ರಿ ದೀಪಗಳಿರುವ ಫೋಟೋ ಕೋಣೆ, ಅದರ ಹಿಂದೆ ಗಂಡ ಗಾಜು ಕೊಯ್ದು ಚೌಕಟ್ಟು ಕಟ್ಟುವ ಜಾಗ. ಬೆಂಚಿನ ಒಂದು ತುದಿ ಕಾಯಂ ಆಗಿ ಆಕೆಯ ಅತ್ತೆಯದು. ಗಿರಾಕಿಗಳ ಬಟ್ಟೆಬರೆಯ ಬಗ್ಗೆ ಅವರು ಯಾರೂ ಕೇಳದೆಯೇ ಅಭಿಪ್ರಾಯ ಹೇಳುತ್ತಾರೆ.

ಕ್ಯಾಮೆರಾ ಹಿಡಿಯುವುದನ್ನು ಸ್ಟುಡಿಯೋದಾಕೆ ಅಪ್ಪನಿಂದ ಕಲಿತಳು. ಅವಳ ಕಣ್ಣು ಬಲು ಚುರುಕು ಎಂದು ಆ ಬೀದಿಯಲ್ಲಿ ಹೆಸರು. ಕಾಲರಿನ ತುದಿ ಮಡಚಿದ್ದರೆ, ಒಂದು ಓಲೆ ತಿರುಗಿ ನಿಂತಿದ್ದರೆ, ಹಿಂದಿನ ಸಾಲಿನಲ್ಲಿ ಯಾರೋ ಕಣ್ಣು ಮಿಟುಕಿಸುವ ಹುನ್ನಾರದಲ್ಲಿದ್ದರೆ ಅವಳಿಗೆ ಮೊದಲೇ ಗೊತ್ತಾಗುತ್ತದೆ. ನಗುವಿನಲ್ಲಂತೂ ಅವಳನ್ನು ಮೋಸ ಮಾಡುವುದು ಕಷ್ಟ. ಫೋಟೋಕ್ಕೆ ಎಂದು ತಂದುಕೊಂಡ ನಗು ಬೇರೆ, ತಡೆಯಲಾರದೆ ಜಾರಿದ ನಗು ಬೇರೆ.

ಗೋಂದು ಮನೆಗೆ ಬಂದ ಮೊದಲ ದಿನವೇ ಆಕೆ ಕ್ಯಾಮೆರಾ ಎತ್ತಿದಳು. ಮಗು ತಟ್ಟನೆ ನಕ್ಕಿತು. ಹಲ್ಲು ಎಷ್ಟು ಬೇಕೋ ಅಷ್ಟು, ತಲೆ ಎಷ್ಟು ಓರೆ ಬೇಕೋ ಅಷ್ಟು. ಕ್ಯಾಮೆರಾ ಇಳಿಸಿದೊಡನೆ ನಗು ಆರಿತು, ಸ್ವಿಚ್ಚು ತೆಗೆದ ಹಾಗೆ. ಇಂಥ ನಗುವಿಗಾಗಿ ಆಕೆ ಜೀವಮಾನವಿಡೀ ಗಿರಾಕಿಗಳ ಮುಂದೆ ಚಿಟಿಕೆ ಹೊಡೆದಿದ್ದಳು, ಗಿಲಕಿ ಆಡಿಸಿದ್ದಳು. ಈಗ ಅದು ಪುಕ್ಕಟೆಯಾಗಿ ಮನೆಗೇ ಬಂದಿತ್ತು. ಆಕೆಗೆ ಊಟ ಸೇರಲಿಲ್ಲ.

ಮಗು ಯಾರ ಜೊತೆಗಾದರೂ ಹೋಗುತ್ತಿತ್ತು. ಅಂಚೆಯವನ ಕೈ ಹಿಡಿಯುತ್ತಿತ್ತು. ಬೆಂಚಿನಲ್ಲಿ ಕೂತವರ ತೊಡೆ ಹತ್ತಿ, ನಿಮ್ಮ ಮನೆ ಎಲ್ಲಿದೆ, ಮಂಚ ಎಷ್ಟಿವೆ ಎಂದು ವಿಚಾರಿಸಿಕೊಳ್ಳುತ್ತಿತ್ತು. ಬಿದ್ದು ಮಂಡಿ ತರಚಿದರೆ ಮಾತ್ರ ಅಳುತ್ತಿರಲಿಲ್ಲ, ಯಾರ ಹತ್ತಿರವೂ ಹೇಳುತ್ತಿರಲಿಲ್ಲ. ಸಂಜೆ ಕಾಲು ತೊಳೆಸುವಾಗಲೇ ರಕ್ತ ಒಣಗಿದ್ದು ಕಾಣುತ್ತಿದ್ದದ್ದು. ಗಿರಾಕಿಗಳೆಲ್ಲ ಎಷ್ಟು ಚೂಟಿ, ಚೂರೂ ಹಟವಿಲ್ಲ, ನಮ್ಮನೆಯದೂ ಇದೆ, ಯಾರನ್ನು ಕಂಡರೂ ಕಿರುಚುತ್ತದೆ ಎಂದು ಹೊಗಳುತ್ತಿದ್ದರು. ಕಿರುಚುವ ಆ ಮಗುವಿನ ತಾಯಿಯನ್ನು ಕಂಡು ಸ್ಟುಡಿಯೋದಾಕೆಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಮ್ಮೆ ಫೋಟೋ ತೆಗೆಸಿಕೊಂಡು ಹೋದ ದಂಪತಿಯೊಬ್ಬರು ಕಾರಿನ ಬಾಗಿಲು ತೆಗೆದರೆ, ಗೋಂದು ಆಗಲೇ ಹಿಂದಿನ ಸೀಟಿನಲ್ಲಿ ಕಾಲು ಜೋಡಿಸಿ ಕೂತಿದ್ದಳು. “ಹೋಗೋಣ್ವಾ?” ಎಂದು ಅವಳೇ ಕೇಳಿದಳಂತೆ. ಅವರು ನಗುನಗುತ್ತಾ ತಂದು ಒಪ್ಪಿಸಿದರು. ಸ್ಟುಡಿಯೋದಾಕೆಯೂ ನಕ್ಕಳು. ಅದು ಫೋಟೋಕ್ಕೆ ತಂದುಕೊಳ್ಳುವ ಜಾತಿಯ ನಗು. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ, ಮಕ್ಕಳ ಮನಸ್ಸು ನೋಡುವ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ವಿವರಿಸಿದ್ದು ಇಷ್ಟು. ಆಶ್ರಮದಲ್ಲಿ ಬೆಳಗಿನ ಪಾಳಿಗೊಬ್ಬಳು ಆಯಾ, ರಾತ್ರಿಗೊಬ್ಬಳು. ಒಬ್ಬಳ ಕೈಗೆ ಒಗ್ಗುವಷ್ಟರಲ್ಲಿ ಅವಳು ಕೆಲಸ ಬಿಟ್ಟಿರುತ್ತಾಳೆ. ನೋಡಲು ಬಂದವರು ನಗುವ ಮಗುವನ್ನು ಎತ್ತಿಕೊಳ್ಳುತ್ತಾರೆ, ಮೂಲೆಯಲ್ಲಿ ಕೂತದ್ದನ್ನು ಎತ್ತಿಕೊಳ್ಳುವುದಿಲ್ಲ. ಹಾಗಾಗಿ ಬಂದವರೆಲ್ಲ ತನ್ನವರೇ ಎಂದುಕೊಳ್ಳುವುದನ್ನು ಮಗು ಕಲಿಯುತ್ತದೆ. ಅಲ್ಲಿ ಅದು ಬುದ್ಧಿವಂತಿಕೆಯೇ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಆದವರಿಗೆ ಬೇಗ ಹೋಗುವುದೂ ಇಲ್ಲ, ಬೈಯಬೇಡಿ. ಸ್ವಲ್ಪ ಕಾಲ ಎತ್ತಿಕೊಳ್ಳುವುದು, ಉಣಿಸುವುದು, ಸಮಾಧಾನ ಮಾಡುವುದು ತಂದೆತಾಯಿ ನೀವಿಬ್ಬರೇ. ಉಳಿದವರು ಮಗುವನ್ನು ನಿಮ್ಮ ಕಡೆಗೇ ತಿರುಗಿಸಲಿ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಕೈ ಚಾಚಿದ ಗಿರಾಕಿಗೆ ದಯವಿಟ್ಟು ಎತ್ತಿಕೊಳ್ಳಬೇಡಿ ಎಂದರೆ ಅವರು ತಮ್ಮ ಕೈಯನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಪಕ್ಕದ ವಾಚು ರಿಪೇರಿಯವನು ಪೆಪ್ಪರಮಿಂಟನ್ನು ನೇರವಾಗಿ ಕೊಡುವಂತಿಲ್ಲ. ತಾಯಿಗೆ ಕೊಟ್ಟು, ತಾಯಿ ಮಗುವಿಗೆ ಕೊಡಬೇಕು. ಸರ್ಕಾರಿ ಕಚೇರೀಲೂ ಫೈಲು ಇಷ್ಟು ಮೇಜು ದಾಟಲ್ಲ ಬಿಡಿ ಎಂದು ಅವನು ಗೊಣಗುತ್ತಿದ್ದ. ಅತ್ತೆಗಂತೂ ಬೇಜಾರೇ ಆಯಿತು.

“ನಾನು ಇವನನ್ನ ಸಾಕಿಲ್ವೇ?” ಎಂದು ಮಗನನ್ನು ತೋರಿಸಿ ಕೇಳಿದರು. “ಈಗ ಮೊಮ್ಮಗಳಿಗೆ ಒಂದು ತುತ್ತು ಹಾಕೋಕೂ ನನ್ನನ್ನ ಸಸ್ಪೆಂಡ್ ಮಾಡಿದೀರಾ?”

“ಸಸ್ಪೆಂಡ್ ಅಲ್ಲಮ್ಮ, ರಜೆ. ಸಂಬಳ ಸಹಿತ” ಎಂದ ಮಗ.

ಸ್ಟುಡಿಯೋದಾಕೆಗೆ ಬೇಕಾಗಿದ್ದದ್ದು ಒಂದೇ. ಮಗಳು ಜಾಣೆಯಾಗಬೇಕು, ಶಾಂತವಾಗಿರಬೇಕು ಎಂಬ ಆಸೆ ಅವಳಿಗಿರಲಿಲ್ಲ. ಒಂದು ದಿನ, ಒಂದೇ ಒಂದು ದಿನ, ಈ ಹುಡುಗಿ ಯಾರಿಗಾದರೂ ಮುಖ ಗಂಟಿಕ್ಕಿಕೊಂಡು ‘ಬರಲ್ಲ’ ಅನ್ನಬೇಕು. ಹಾಗೆ ಅಂದಳೆಂದರೆ ಬಂದುಹೋಗುವವರು ಯಾರು, ತನ್ನವರು ಯಾರು ಎಂಬುದು ಅವಳಿಗೆ ಗೊತ್ತಾಯಿತು ಎಂದೇ ಅರ್ಥ.

ಅಷ್ಟರಲ್ಲಿ ಹೆಡ್‌ಮಾಸ್ಟರ ಕುಟುಂಬದ ಫೋಟೋ ತೆಗೆಯುವ ಕೆಲಸ ಬಂತು. ಹೆಡ್‌ಮಾಸ್ಟರು ನಿವೃತ್ತರಾಗಿ ಎಷ್ಟೋ ಕಾಲವಾಗಿದೆ, ಎಂಬತ್ತು ತುಂಬಿತ್ತು. ಇಬ್ಬರು ಗಂಡುಮಕ್ಕಳು, ಅವರವರ ಹೆಂಡತಿ, ಮಕ್ಕಳು, ಮೊಮ್ಮಕ್ಕಳು. ಎರಡು ಮನೆಯವರೂ ಊರಿನ ಎರಡು ತುದಿಯಲ್ಲಿದ್ದು, ಮಾತು ಬಿಟ್ಟು ಬಹಳ ದಿನವಾಗಿ, ಈಗಷ್ಟೇ ಮುದುಕರ ಮುಖ ನೋಡಿ ಒಂದಾಗಿದ್ದರು. ಕೋಣೆ ಕಿಕ್ಕಿರಿದಿತ್ತು. ಸ್ಟುಡಿಯೋದಾಕೆ ಎತ್ತರದವರನ್ನು ಹಿಂದೆ ಹಾಕಿದಳು, ಸೆರಗು ಸರಿಮಾಡಿಸಿದಳು, ಒಬ್ಬ ಸೊಸೆಯ ಕೈಯಿಂದ ಮೊಬೈಲು ಇಳಿಸಿದಳು, ಹೆಡ್‌ಮಾಸ್ಟರ ಮೇಲಿನ ಗುಂಡಿ ಹಾಕಿಸಿದಳು, ಫೋಟೋ ತೆಗೆದಳು. ಗಂಡ ತೇಗದ ಚೌಕಟ್ಟು ಕಟ್ಟಿದ. ಎರಡು ಕಡೆಯವರೂ ಮೆಚ್ಚಿದರು.

ಫೋಟೋ ಹೆಡ್‌ಮಾಸ್ಟರ ಹಜಾರದಲ್ಲಿ ಬಹಳ ದಿನ ನೆಮ್ಮದಿಯಾಗಿ ತೂಗಿತು. ಒಂದು ಮಧ್ಯಾಹ್ನ ಹಿರಿಯ ಸೊಸೆ, ಎಲ್ಲರಿಗಿಂತ ನಿಮ್ಮ ಕಿರಿಯದೇ ಚೆನ್ನಾಗಿ ಬಂದಿದೆ ಎಂದು ಓರಗಿತ್ತಿಗೆ ಹೇಳಿದಳು. ಓರಗಿತ್ತಿ, ನಮ್ಮದಾ, ಅದು ನಿಮ್ಮ ಕಡೆಯದಲ್ವಾ ಎಂದಳು. ಇಬ್ಬರೂ ಎದ್ದು ಫೋಟೋದ ಹತ್ತಿರ ಹೋದರು. ಮುಂದಿನ ಸಾಲಿನ ನಟ್ಟನಡುವೆ, ಹೆಡ್‌ಮಾಸ್ಟರ ಮಂಡಿಯ ಮೇಲೆ ಮೊಣಕೈ ಊರಿ, ಎರಡು ಗಿಡ್ಡ ಜಡೆಯ ಹುಡುಗಿಯೊಬ್ಬಳು ಎಲ್ಲರಿಗಿಂತ ಚೆನ್ನಾಗಿ ನಗುತ್ತಿದ್ದಳು. ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ, ಯಾಕೋ, ಎಲ್ಲರೂ ಹೆಡ್‌ಮಾಸ್ಟರ ಮುಖ ನೋಡಿದರು.

ಮಾರನೆಯ ಬೆಳಿಗ್ಗೆ ಹೆಡ್‌ಮಾಸ್ಟರು ಚೌಕಟ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು ಸ್ಟುಡಿಯೋಕ್ಕೆ ಬಂದರು.

“ನೋಡಮ್ಮಾ, ಈ ಮಗು ಯಾರದು ಅಂತ ನಮ್ಮನೇಲಿ ಯಾರಿಗೂ ಗೊತ್ತಿಲ್ಲ. ನನ್ನ ಮರ್ಯಾದೆ ಪ್ರಶ್ನೆ.”

ಆಕೆ ಫೋಟೋ ನೋಡಿದಳು. “ನಮ್ಮದು ಸಾರ್” ಎಂದಳು.

ಅಷ್ಟು ಹೊತ್ತಿಗೆ ಗೋಂದು ಬಂದು ಅವರ ಬೆರಳು ಹಿಡಿದಾಗಿತ್ತು. “ತಾತಾ, ನಮ್ಮ ಫೋಟೋ ತಂದ್ರಾ?”

ಖರ್ಚಿಲ್ಲದೆ ಮತ್ತೆ ತೆಗೆದುಕೊಡುವುದೆಂದು ಮಾತಾಯಿತು. ಅವರು ಹೋದ ಮೇಲೆ ಅತ್ತೆ ಬೆಂಚಿನಿಂದಲೇ ಶುರು ಮಾಡಿದರು. “ಅವರ ಅಂಗೀದು ಒಂದು ಗುಂಡಿ ಬಿಚ್ಚಿದ್ದು ಕಂಡಿತು ನಿಂಗೆ. ಇಡೀ ಒಂದು ಮಗು ಕಾಣಲಿಲ್ವೇನಮ್ಮಾ?”

ಸ್ಟುಡಿಯೋದಾಕೆಯೂ ಅದನ್ನೇ ಯೋಚಿಸುತ್ತಿದ್ದಳು. ಚೌಕಟ್ಟು ಕಟ್ಟಿದ ಗಂಡ, ಫೋಟೋವನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡಿದ್ದವನು, ಒಳಗಿಂದ ಗಾಜು ಒರೆಸುತ್ತಾ ಹೇಳಿದ: “ಹೆಚ್ಚಿಗೆ ಇದೆ ಅನ್ನಿಸಿದ್ರೆ ತಾನೇ ಅಮ್ಮಾ ಕಾಣೋದು?”

ಅತ್ತೆ ಬಾಯಿ ತೆರೆದರು. ಏನೂ ಹೇಳದೆ ಮುಚ್ಚಿದರು. ಆ ಬೆಂಚಿನಲ್ಲಿ ಅದೊಂದು ದಾಖಲೆ.

ಆ ಮಾತು ಸ್ಟುಡಿಯೋದಾಕೆಗೆ ಹಿತವಾಯಿತು, ಆದರೆ ಅರ್ಧ ಮಾತ್ರ. ತನ್ನ ಕಣ್ಣಿಗೆ ಮಗಳು ಹೆಚ್ಚಿನವಳಲ್ಲ, ಸರಿ. ಮಗಳ ಕಣ್ಣಿಗೆ ತಾನು? ಆ ಫೋಟೋದಲ್ಲಿ ಗೋಂದು ಹೆಡ್‌ಮಾಸ್ಟರ ಮಂಡಿಗೆ ಒರಗಿದ್ದಕ್ಕೂ ಮನೆಯಲ್ಲಿ ತನ್ನ ಮಂಡಿಗೆ ಒರಗುವುದಕ್ಕೂ ಆಕೆಗೆ ಏನೇನೂ ವ್ಯತ್ಯಾಸ ಕಾಣಲಿಲ್ಲ. ಅಷ್ಟು ಚುರುಕಿನ ಕಣ್ಣಿಗೂ ಕಾಣಲಿಲ್ಲ.

ಮಾರನೆಯ ದಿನದಿಂದ ಆಕೆ ಮಗಳಿಗೊಂದು ಕೆಲಸ ಕೊಟ್ಟಳು. ಲೆನ್ಸಿನ ದೂಳು ಹೊಡೆಯುವ ರಬ್ಬರ್ ಬುರುಡೆ ಹಿಡಿದು ಕ್ಯಾಮೆರಾದ ಹಿಂದೆ, ಅಮ್ಮನ ಪಕ್ಕ ನಿಲ್ಲುವುದು. ಫೋಟೋ ತೆಗೆಯುವವರು ಇಲ್ಲಿ, ತೆಗೆಸಿಕೊಳ್ಳುವವರು ಅಲ್ಲಿ, ನಡುವೆ ಸೀಮೆಸುಣ್ಣದ ಗೆರೆ. ಗೋಂದು ಬುರುಡೆಯಿಂದ ಲೆನ್ಸಿಗಿಂತ ಹೆಚ್ಚಾಗಿ ಗಿರಾಕಿಗಳ ಕಿವಿಗೆ ಗಾಳಿ ಹೊಡೆದಳು. ಗೆರೆ ದಾಟಿ ಓಡಿ, ತಿರುಗಿ ಬಂದಳು. ಒಂದು ಸಂಜೆ ಕೌಂಟರಿನ ಕದಕ್ಕೆ ಬೆರಳು ಸಿಕ್ಕಿಸಿಕೊಂಡಳು. ಬೆಂಚಿನ ತುಂಬ ಜನ. ಅವರೆಲ್ಲರನ್ನೂ ದಾಟಿಕೊಂಡು ಒಳಗೆ ಬಂದು, ಬೆರಳನ್ನು ಅಮ್ಮನ ಮುಖದೆದುರು ಹಿಡಿದು, ಆಮೇಲೆ ಅತ್ತಳು. ದೊಡ್ಡ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ. ಗಿರಾಕಿಗಳು ಅಯ್ಯೋ ಪಾಪ ಎಂದರು. ಸ್ಟುಡಿಯೋದಾಕೆ ಬೆರಳಿಗೆ ತಣ್ಣೀರು ಹಾಕಿದಳು, ಊದಿದಳು. ಇದೊಂದು ಸಲ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಅಂದು ಅಡುಗೆಗೆ ಉಪ್ಪು ಎರಡು ಸಲ ಬಿತ್ತು.

ಭಾನುವಾರ ಹೆಡ್‌ಮಾಸ್ಟರ ಕುಟುಂಬ ಮತ್ತೆ ಬಂತು, ಅದೇ ಬಟ್ಟೆ, ಅದೇ ಸಾಲು. ಈ ಸಲ ಆಕೆ ತಲೆ ಎಣಿಸಿದಳು. ಸರಿಯಿತ್ತು. ಆದರೆ ಮುದುಕರು ಮಂಡಿಯ ಪಕ್ಕದ ಖಾಲಿ ಜಾಗ ನೋಡಿಕೊಂಡು ಏನೋ ಕಳೆದುಕೊಂಡವರ ಹಾಗೆ ಕೂತಿದ್ದರು. ಹಜಾರದಲ್ಲಿ ಅಷ್ಟು ದಿನ ಜೊತೆಗಿದ್ದ ನಗು ಅಲ್ಲಿರಲಿಲ್ಲ.

“ಎಲ್ಲಿ ನಮ್ಮ ಹುಡುಗಿ?” ಎಂದರು. “ಅವಳನ್ನೂ ಕೂರಿಸಮ್ಮ. ಈಗ ಎಲ್ಲರಿಗೂ ಗೊತ್ತಾಯ್ತಲ್ಲ ಯಾರ ಮಗು ಅಂತ. ಬಾ ಪುಟ್ಟಿ, ತಾತನ ಹತ್ರ ಬಾ.”

ಎರಡೂ ಕೈ ಚಾಚಿದರು. ಅತ್ತೆ ಬೆಂಚಿನಿಂದ ಎದ್ದು ಬಾಗಿಲಿಗೆ ಬಂದರು. ಗಂಡ ಗಾಜು ಕೊಯ್ಯುವುದನ್ನು ನಿಲ್ಲಿಸಿದ. ಸ್ಟುಡಿಯೋದಾಕೆ ಕ್ಯಾಮೆರಾದ ಹಿಂದೆಯೇ ನಿಂತಳು. ತಡೆಯುವುದು ಸುಲಭವಾಗಿತ್ತು. ತಡೆಯಲಿಲ್ಲ.

ಗೋಂದು ಮುದುಕರ ಕೈ ನೋಡಿದಳು. ಒಂದು ಹೆಜ್ಜೆ ಇಟ್ಟಳು. ನಿಂತಳು. ಆಮೇಲೆ ಹಿಂದೆ ಸರಿದು, ಅಮ್ಮನ ಕಮೀಜಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಅದರ ಮರೆಗೆ ಹೋಗಿ ಮುಖ ಸಿಂಡರಿಸಿದಳು.

“ಬರಲ್ಲ. ನಂಗೆ ಇಲ್ಲಿ ಕೆಲ್ಸ ಇದೆ.”

ಮುದುಕರ ಕೈ ಚಾಚಿದಲ್ಲೇ ಉಳಿಯಿತು. “ದೊಡ್ಡವರು ಕರೆದರೆ ಹೀಗಾ ಮಾತಾಡೋದು?” ಎಂದು ಅತ್ತೆ ಬಾಗಿಲಿಂದ ಗದರಿದರು, ಆದರೆ ಅರ್ಧಕ್ಕೇ ಸೊಸೆಯ ಮುಖ ಕಂಡು ಗಂಟಲು ಸರಿಮಾಡಿಕೊಂಡರು. ಸ್ಟುಡಿಯೋದಾಕೆ, ಕ್ಷಮಿಸಿ ಸಾರ್, ಭಾರಿ ಹಟ ಇವಳಿಗೆ, ಯಾರ ಹತ್ರಾನೂ ಹೋಗಲ್ಲ ಎಂದಳು. ಬಹುಮಾನ ಬಂದ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. ಮತ್ತೆ, ಎಲ್ಲರೂ ಇಲ್ಲಿ ನೋಡಿ ಎಂದು ಗುಂಡಿ ಒತ್ತಿದಳು.

ಫೋಟೋ ಎರಡು ದಿನದಲ್ಲಿ ಸಿದ್ಧವಾಯಿತು. ಹೆಡ್‌ಮಾಸ್ಟರು ಕನ್ನಡಕ ಹಾಕಿಕೊಂಡು ಕೌಂಟರಿನ ಮೇಲೆ ಬಗ್ಗಿ ನೋಡಿದರು. ಹಿಂದಿನ ಸಾಲು ಎಡಕ್ಕೆ ವಾಲಿತ್ತು, ಮುಂದಿನ ಸಾಲು ಬಲಕ್ಕೆ. ಕಮೀಜಿನ ಹಿಂದೆ ಅಡಗಿದ ಹುಡುಗಿಯನ್ನು ನೋಡಲು ಎಲ್ಲರೂ ಕುತ್ತಿಗೆ ಉದ್ದ ಮಾಡಿದ್ದರು. ಒಬ್ಬರಾದರೂ ಲೆನ್ಸನ್ನು ನೋಡುತ್ತಿರಲಿಲ್ಲ. ಫೋಟೋ ಸ್ವಲ್ಪ ಅಲುಗಿಯೂ ಇತ್ತು.

“ಮೊದಲನೇದ್ರಲ್ಲಿ ಒಬ್ಬರು ಹೆಚ್ಚಿಗೆ ಇದ್ರು” ಎಂದರು ಅವರು. “ಇದ್ರಲ್ಲಿ ಒಬ್ಬರೂ ಸರಿಯಾಗಿಲ್ಲ. ಏನಾಯ್ತಮ್ಮಾ ನಿನ್ನ ಕಣ್ಣಿಗೆ?”

“ಅವತ್ತು ನಾನೂ ಆ ಕಡೇನೇ ನೋಡ್ತಿದ್ದೆ ಸಾರ್.”

ಇದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳುವ ಹಾಗಿಲ್ಲ. ಡಾಕ್ಟರಮ್ಮನೂ ಹಾಗೆ ಹೇಳಿಲ್ಲ. ಅದೇ ಸಂಜೆ ಗೋಂದು ಅಂಚೆಯವನ ಸೈಕಲ್ ಹಿಡಿದುಕೊಂಡು, ನಿಮ್ಮನೆಗೆ ಬರ್ಲಾ ಎಂದು ಕೇಳುತ್ತಿದ್ದಳು. ಕೇಳಿದ ಮೇಲೆ ತಿರುಗಿ ಕೌಂಟರಿನ ಕಡೆ ನೋಡಿದಳು. ಅಮ್ಮ ತಲೆ ಅಲ್ಲಾಡಿಸಿದಳು. ಗೋಂದು ಸೈಕಲ್ ಬಿಟ್ಟಳು.

ಅಲುಗಿದ ಫೋಟೋವನ್ನು ಸ್ಟುಡಿಯೋದಾಕೆ ಹೆಡ್‌ಮಾಸ್ಟರಿಗೆ ಕೊಡಲಿಲ್ಲ. ಮೇಲಿನ ಮನೆಯ ಗೋಡೆಗೆಂದು ಗಂಡ ಅದಕ್ಕೆ ಚೌಕಟ್ಟು ಕಟ್ಟುತ್ತಿದ್ದಾನೆ. ಮೂರನೆಯ ಸಲ ಫೋಟೋ ತೆಗೆಸಲು ಹೆಡ್‌ಮಾಸ್ಟರ ಕುಟುಂಬ ಮುಂದಿನ ಭಾನುವಾರ ಬೆಳಿಗ್ಗೆ ಬರುತ್ತದೆ.