ಹುತ್ತದ ಮುಂದೆ ಮಾತಿಲ್ಲ

ಮುತ್ತವ್ವ ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯ ಭೋಂಗಾದ ಕೂಗು ಕೇಳುತ್ತ ಬೆಳೆದವಳು. ೧೯೩೪ರಲ್ಲಿ ಅರ್ಜುನಪ್ಪನನ್ನು ಮದುವೆಯಾಗಿ ಗಬ್ಬೂರಿಗೆ ಬಂದಾಗ ಆಕೆಗೆ ಜೋಳದ ಸಸಿ ಯಾವುದು, ಕಸ ಯಾವುದು ಎಂಬುದೂ ತಿಳಿಯುತ್ತಿರಲಿಲ್ಲ. ಮೊದಲ ಮಳೆಗಾಲದಲ್ಲೇ ಉಡಿ ತುಂಬ ನಾಯಿಕೊಡೆ ಕಿತ್ತು ತಂದು, "ಅತ್ತೀ, ಅಣಬಿ ತಂದೇನ್ರಿ" ಎಂದು ಹಿಗ್ಗಿನಿಂದ ಒಲೆಯ ಮುಂದೆ ಸುರಿದಳು. ಅತ್ತೆ ಶೇವಂತೆವ್ವ ಒಂದನ್ನು ಮೂಸಿ ನೋಡಿ ಅಷ್ಟನ್ನೂ ತಿಪ್ಪೆಗೆ ಹಾಕಿಸಿದಳು.

"ಮನಿಮಂದಿನ್ನೆಲ್ಲಾ ಒಮ್ಮೆಲೆ ಮ್ಯಾಲ ಕಳಸಾಕಿ ಇದ್ದೆಲ್ಲವಾ!"

ಓಣಿಯ ಹೆಂಗಸರು ವಾರಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕರು. ಅವರಿಗೂ ಬೇರೆ ಕೆಲಸವಿರಲಿಲ್ಲ ಅನ್ನಿ.

ಶೇವಂತೆವ್ವನ ಕಣ್ಣಿಗೆ ಪೊರೆ ಬಂದು ಹಗಲೆಲ್ಲ ಮಂಜಾಗಿತ್ತು. ಆದರೆ ಊರಲ್ಲಿ ಹುತ್ತದ ಅಣಬೆಯ ಜಾಗ ಬಲ್ಲವಳು ಅವಳೊಬ್ಬಳೇ. ಹಡೆದ ಮಗನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಈಗ ಬೇರೆ ದಾರಿ ಕಾಣದೆ, ಗುಡುಗು ಬಡಿದ ಮೂರನೆಯ ಬೆಳಗ್ಗೆ ಸೊಸೆಯ ಕೈ ಹಿಡಿದು ಹೊರಟಳು.

"ಹುತ್ತದ ಮುಂದ ಮಾತಾಡಬಾರದು, ಬಟ್ಟು ಮಾಡಿ ತೋರಸಬಾರದು. ಹಂಗ ಮಾಡಿದ್ರ ಮತ್ತ ಏಳೂದಿಲ್ಲ. ಮೆಲ್ಲಕ ತಿರುವಿ ಕೀಳು. ಮೂರು ಅಲ್ಲೇ ಬಿಡು, ಹುತ್ತದವ್ವನ ಪಾಲು."

ಹಳ್ಳದ ದಂಡೆಗೆ ಬಂದಾಗ ತುಂತುರು ನಿಂತೂ ನಿಲ್ಲದ ಹಾಗಿತ್ತು. ಜಾಲಿಯ ನೆರಳಿನ ಹುತ್ತದ ಬುಡದಲ್ಲಿ ಬೆಳ್ಳನೆಯ ಅಣಬೆಗಳು ಗುಂಪಾಗಿ ಎದ್ದಿದ್ದವು. ಅರೆನಿದ್ದೆಯಲ್ಲಿ ಕಂಡ ಕನಸು ಕಣ್ಣು ಬಿಟ್ಟ ಮೇಲೂ ಅಲ್ಲೇ ಉಳಿದಂತೆ ಮುತ್ತವ್ವ ನಿಂತುಬಿಟ್ಟಳು. ಅಂದು ಬೆಳ್ಳುಳ್ಳಿ ಖಾರ ಹಾಕಿ ಮಾಡಿದ ಪಲ್ಯಕ್ಕೆ, ಅರ್ಧ ರೊಟ್ಟಿಗೇ ಸಾಕೆನ್ನುತ್ತಿದ್ದ ಮುದುಕಿ ಎರಡು ರೊಟ್ಟಿ ಉಂಡಳು. "ನಿನ್ನ ಕಣ್ಣು ಛಲೋ ಅದಾವವಾ" ಅಂದಳು. ಆ ಒಂದು ಮಾತಿಗೆ ತಿಂಗಳಾದರೂ ಮುತ್ತವ್ವನ ಕಾಲು ನೆಲಕ್ಕೆ ಹತ್ತಲಿಲ್ಲ.

ಆ ಹಿಗ್ಗೇ ಕೆಡಿಸಿತು. ಅಣಬೆ ಹಿತ್ತಲಲ್ಲೇ ಬೆಳೆದರೆ ಅತ್ತೆ ಅಷ್ಟು ದೂರ ನಡೆಯುವುದೇ ಬೇಡ ಎಂದು ಆಕೆಗೆ ಹೊಳೆಯಿತು. ಮರುವರ್ಷ ಮಳೆಗೆ ಮುಂಚೆ ಒಬ್ಬಳೇ ಹೋಗಿ, ಕಸ ತೆಗೆಯುವ ಕುರ್ಚಿಗೆಯಿಂದ ಹುತ್ತದ ಬುಡ ಅಗೆದಳು. ಒಳಗೆ ಜೇನುಹಟ್ಟಿಯಂಥ ಮೆತ್ತನೆಯ ಗೂಡು, ಅದರ ತುಂಬ ಸಾಸಿವೆಗಿಂತ ಸಣ್ಣ ಬಿಳಿ ಕಾಳು. ಬೀಜವಲ್ಲದೆ ಮತ್ತೇನು! ಅಷ್ಟನ್ನೂ ತಂದು ಹಿತ್ತಲಲ್ಲಿ ಮಡಿ ಮಾಡಿ ಬಿತ್ತಿದಳು. ಪಂಚಮಿಗೆ ಊರ ಹೆಂಗಸರೆಲ್ಲ ಹುತ್ತಕ್ಕೆ ಹಾಲೆರೆದರೆ ಈಕೆ ಆ ಮಡಿಗೂ ಎರೆದಳು.

"ಏನ, ನಾಗಪ್ಪಗ ನಮ್ಮ ಹಿತ್ತಲದಾಗ ಮನಿ ಕಟ್ಟಾಕತ್ತೀ ಏನು?" ಎಂದು ಅರ್ಜುನಪ್ಪ ನಕ್ಕ.

ಹಿತ್ತಲಲ್ಲಿ ಗರಿಕೆಯ ಹೊರತು ಏನೂ ಏಳಲಿಲ್ಲ. ಗುಡುಗಿತು. ಮೂರನೆಯ ಬೆಳಗ್ಗೆ ಅತ್ತೆ ಸೊಸೆ ಹುತ್ತಕ್ಕೆ ಹೋದರು. ಅಲ್ಲೂ ಇಲ್ಲ. ಶೇವಂತೆವ್ವನ ಕೈ ಹುತ್ತದ ಬುಡ ಸವರುತ್ತ ಬಂದು, ಅಗೆದ ಪೊಳ್ಳಿನೊಳಗೆ ಇಳಿಯಿತು. ದಾರಿಗೆ ಬಂದ ಮೇಲೆ, "ಯಾರೋ ಅಗದಾರ" ಅಂದಳು.

ಹಂದಿ ಅಗೆದಿರಬೇಕು ಅನ್ನಬಹುದಿತ್ತು. ಮುತ್ತವ್ವನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ನಾನರಿ ಅತ್ತಿ. ಬೀಜ ಅಂತ ತಿಳಕೊಂಡೆ."

ಶೇವಂತೆವ್ವ ಬೈಯಲಿಲ್ಲ. ತನ್ನ ಕೈಯನ್ನು ಸೊಸೆಯ ಕೈಯಿಂದ ಬಿಡಿಸಿಕೊಂಡು, ಕೋಲು ಊರಿಕೊಂಡು ಮನೆಗೆ ನಡೆದಳು.

ಮನೆಯಲ್ಲಿ ಉಪ್ಪಿನ ಮಾತು, ಕಟ್ಟಿಗೆಯ ಮಾತು ಎಲ್ಲ ನಡೆಯಿತು. ಕೈ ಮಾತ್ರ ಮತ್ತೆ ಸಿಗಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ ಎಂದು ಮುತ್ತವ್ವ ಒಳಗೊಳಗೇ ಬೆಂದಳು. ಯಾರಿಗೂ ಹೇಳದೆ ಆ ಪೊಳ್ಳಿಗೆ ಹಸಿಮಣ್ಣು ತುಂಬಿದಳು, ದನ ತುಳಿಯದಂತೆ ಮುಳ್ಳು ಹಚ್ಚಿದಳು. ಎರಡು ಶ್ರಾವಣ ಬರಿದೇ ಹೋದವು. ಎರಡು ಸಲವೂ ಮುದುಕಿ ಕೋಲು ಹಿಡಿದು ಹೋಗಿ ಬಂದಳು, ಸೊಸೆ ಹತ್ತು ಹೆಜ್ಜೆ ಹಿಂದೆ.

ಮೂರನೆಯ ಶ್ರಾವಣದಲ್ಲಿ ಹಳ್ಳದ ಮೇಲೆ ಮಂಜು ಕವಿದಿತ್ತು. ಹೊಲ, ಜಾಲಿ, ದಾರಿ ಎಲ್ಲ ಅಳಿಸಿಹೋಗಿ, ಲೋಕದಲ್ಲಿ ಆ ಹುತ್ತವೊಂದೇ ಉಳಿದಂತಿತ್ತು. ಅದರ ಬುಡದಲ್ಲಿ ನಾಲ್ಕು ಅಣಬೆ! ಆದರೆ ಶೇವಂತೆವ್ವ ಆಚೆ ಬದಿಯಲ್ಲಿ ತಡಕಾಡುತ್ತಿದ್ದಳು. ಏನೂ ಸಿಗದೆ ನಿಟ್ಟುಸಿರುಬಿಟ್ಟು ಎದ್ದಳು. ಮುತ್ತವ್ವ ಕೂಗುವಂತಿಲ್ಲ, ಬಟ್ಟು ಮಾಡುವಂತಿಲ್ಲ. ಕೈ ಹಿಡಿದರೆ ಮತ್ತೆ ಕೊಸರಿಕೊಂಡಾಳು. ಆದರೂ ಮುಂದೆ ಹೋಗಿ ಹಿಡಿದೇಬಿಟ್ಟಳು. ಮುದುಕಿಯನ್ನು ಕೂರಿಸಿ, ಆ ಬೆರಳುಗಳನ್ನು ಒಂದೊಂದಾಗಿ ನಾಲ್ಕೂ ಅಣಬೆಗೆ ಮುಟ್ಟಿಸಿದಳು.

ಶೇವಂತೆವ್ವ ಮೂರನ್ನು ಮತ್ತೊಮ್ಮೆ ಸವರಿ ಬಿಟ್ಟಳು. ಆಮೇಲೆ ನಾಲ್ಕನೆಯದನ್ನು ಮೆಲ್ಲಗೆ ತಿರುವಿ ಕಿತ್ತಳು. ದಾರಿಗೆ ಬಂದರೂ ಕೈ ಬಿಡಿಸಿಕೊಳ್ಳಲಿಲ್ಲ.

"ಮಣ್ಣು ನೀನ ಮುಚ್ಚಿದ್ದೇನು?"

"ಹೂಂನ್ರಿ."

ಮನೆಯಲ್ಲಿ ಮುತ್ತವ್ವ ಆ ಒಂದು ಅಣಬೆಯನ್ನು ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ, ಇಡಿಯಾಗಿ ಅತ್ತೆಯ ತಾಟಿಗೆ ಹಾಕಿದಳು. ಮುದುಕಿ ತಡವಿ ನೋಡಿ ಎರಡು ಹೋಳು ಮಾಡಿದಳು. ಒಂದನ್ನು ಗಾಳಿಯಲ್ಲಿ ಚಾಚಿದಳು, ಸೊಸೆ ಕೂತ ಕಡೆಗಲ್ಲ, ಕಂಬದ ಕಡೆಗೆ.

"ಎಲ್ಲಿ ಅದೀ? ಬಾಯಿ ತಗಿ."

ಮುತ್ತವ್ವ ಸರಿದು ಆ ಕೈಯ ಮುಂದೆ ಕೂತು ಬಾಯಿ ತೆರೆದಳು.

"ನಾ ಹ್ವಾದ ಮ್ಯಾಲೂ ಮೂರು ಬಿಟ್ಟ ಕೀಳವಾ" ಅಂದಳು ಶೇವಂತೆವ್ವ.